ಯಾವ ಜೀಪಿನ ಬೋಲ್ಟು

ಒಂದು ಬೋಲ್ಟಿಗೆ ಹೆದರಿ ಎಚ್.ಡಿ. ಕೋಟೆ ರಸ್ತೆಯಲ್ಲಿ ಮೊಪೆಡ್ ಓಡಿಸಿಕೊಂಡು ಹೋದವನು ಅಂತ ಗಾವಡಗೆರೆ ಕಡೆ ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಹೆದರುವವನೇ. ಮೋಟರಿನ ಸ್ವಿಚ್ಚು ಒತ್ತಬೇಕಾದರೆ ಚಪ್ಪಲಿ ಮೆಟ್ಟಿಕೊಂಡು, ಒಣಕಡ್ಡಿ ಹಿಡಿದುಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು ಒತ್ತುತ್ತೇನೆ. ಹೊಗೆಸೊಪ್ಪು ಒಣಗಿಸುವ ಗೂಡಿಗೆ, ನಮ್ಮ ಬ್ಯಾರನ್ನಿಗೆ, ಒಂದು ಸಲ ಬೆಂಕಿ ಹಾಕಿದೆವೆಂದರೆ ಒಳಗಿನ ಸೊಪ್ಪು ಒಣಗಿ ಬೆಂಕಿ ಆರಿಸುವ ತನಕ ನನಗೆ ಅನ್ನ ಸೇರುವುದಿಲ್ಲ. ಒಣಗಿದ ಒಂದು ಎಲೆ ಕೆಳಗಿನ ಕಾದ ಕೊಳವೆ ಮೇಲೆ ಬಿದ್ದರೆ ಸಾಕು, ಬ್ಯಾರನ್ನೂ ಇಲ್ಲ, ಸೊಪ್ಪೂ ಇಲ್ಲ. ಇದು ನಡೆದದ್ದನ್ನು ಬೇರೆಯವರ ಹೊಲದಲ್ಲಿ ಕಣ್ಣಾರೆ ಕಂಡಿದ್ದೇನೆ.

ನನ್ನ ಹೆಂಡತಿ ಇದಕ್ಕೆಲ್ಲ ತದ್ವಿರುದ್ಧ. ಮನೆಯೊಳಗೆ ಹಾವು ಬಂದರೆ ನಾನು ಮಂಚ ಹತ್ತುತ್ತೇನೆ, ಅವಳು ಪೊರಕೆ ತೆಗೆದುಕೊಳ್ಳುತ್ತಾಳೆ. ಡಾಕ್ಟರು ನನಗೆ ಇಂಜೆಕ್ಷನ್ ಚುಚ್ಚುವಾಗ ನೋಡುವವಳು ಅವಳು, ಕಣ್ಣು ಮುಚ್ಚುವವನು ನಾನು. ಜನ ನನ್ನ ಮುಂದೆಯೇ ಅವಳ ಎದೆಗಾರಿಕೆ ಹೊಗಳುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಹೆದರದವರ ಪಕ್ಕದಲ್ಲಿ ಕೂತರೆ ಹೆದರುವವನು ಇನ್ನೂ ಸಣ್ಣವನಾಗಿ ಕಾಣುತ್ತಾನೆ.

ಜೀಪು ಅವಳ ಅಪ್ಪನದು. ಮಿರ್ಲೆ ಕಡೆಯ ಗದ್ದೆಯವರು ಅವರು. ಎಲ್ಲರೂ ಟ್ರ್ಯಾಕ್ಟರಿಗೆ ಆಸೆಪಟ್ಟರೆ ಅವರು ಹಸಿರು ಬಣ್ಣದ ಹಳೆಯ ಪೆಟ್ರೋಲ್ ಜೀಪಿಗೆ ಆಸೆಪಟ್ಟು, ಯಾವುದೋ ಹರಾಜಿನಲ್ಲಿ ಹಿಡಿದು ತಂದಿದ್ದರಂತೆ. ಮಗಳಿಗೆ ಅದರಲ್ಲೇ, ನಾಲೆ ಏರಿಯ ಮೇಲೆ, ಡ್ರೈವಿಂಗ್ ಕಲಿಸಿದರು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಅಂಥ ಕಡೆ ಹೆಣ್ಣುಮಗುವಿನ ಕೈಗೆ ಸ್ಟೀರಿಂಗ್ ಕೊಟ್ಟ ಮನುಷ್ಯನ ಗುಂಡಿಗೆ ಹೇಗಿದ್ದಿರಬೇಕು ಅಂತ ನಾನು ಈಗಲೂ ಯೋಚಿಸುತ್ತೇನೆ. ಅವರು ತೀರಿಹೋದ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆವು. ಬ್ಯಾರನ್ನಿನ ಪಕ್ಕದಲ್ಲಿ ಟಾರ್ಪಾಲು ಹೊದ್ದುಕೊಂಡು ಅದು ವರ್ಷಗಟ್ಟಲೆ ನಿಂತಿತ್ತು. ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು. ನನಗೆ ಅಷ್ಟೇ ಸಾಕಾಗಿತ್ತು.

ಹೆಂಡತಿಗೆ ಸಾಕಾಗಿರಲಿಲ್ಲ. ಅವಳ ತಂಗಿಯನ್ನು ಎಚ್.ಡಿ. ಕೋಟೆಯಿಂದಾಚೆ, ಕಾಡಂಚಿನ ಒಂದು ಊರಿಗೆ ಕೊಟ್ಟಿದ್ದಾರೆ. ಆ ತಂಗಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ಅಪ್ಪನ ಜೀಪಿನಲ್ಲೇ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಅಂತ ಇವಳು ಹಟ ಹಿಡಿದಳು. ಅತ್ತೆಯ ಮುಖ ಅರಳಿದ್ದನ್ನು ನೋಡಿದ ಮೇಲೆ ನಾನು ಬಸ್ಸಿನ ಮಾತೆತ್ತಲಿಲ್ಲ.

ಹುಣಸೂರಿನ ಬೈಪಾಸಿನಲ್ಲಿ ಹಳೆಯ ಗಾಡಿಗಳಿಗೆ ಕೈಹಾಕುವ ಮೆಕ್ಯಾನಿಕ್ ಒಬ್ಬನಿದ್ದಾನೆ. ಅವನು ಇಂಜಿನ್ ಇಳಿಸಿ, ಪೂರ್ತಿ ಬಿಚ್ಚಿ, ಒಂದೊಂದೇ ಭಾಗ ಸೀಮೆಎಣ್ಣೆಯಲ್ಲಿ ತೊಳೆದ. ಒಂದು ವಾರದ ನಂತರ ಫೋನ್ ಮಾಡಿ ಕರೆಸಿಕೊಂಡ.

"ಇಂಜಿನ್ನು ಗಟ್ಟಿಯಾಗದೆ ಕಣಣ್ಣ. ಆದ್ರೆ ಈ ರಾಡ್ ಬೋಲ್ಟುಗೋಳು ಎಳ್ಕಂಡವೆ. ಇವನ್ನೇ ಆಕಿ ಕಟ್ಟು ಅಂದ್ರೆ ನಾನು ಕಟ್ಟಾಕಿಲ್ಲ."

ರಾಡ್ ಬೋಲ್ಟು ಎಂದರೇನು ಅಂತ ಅವನೇ ತೋರಿಸಿದ. ಪಿಸ್ಟನ್ನಿನಿಂದ ಕೆಳಕ್ಕೆ ಬರುವ ಕಬ್ಬಿಣದ ತೋಳು ಒಂದಿದೆ. ಅದರ ಬುಡ ಎರಡು ಹೋಳಾಗಿದ್ದು, ತಿರುಗುವ ಕ್ರ್ಯಾಂಕನ್ನು ಎರಡು ಅಂಗೈ ಸೇರಿಸಿ ಹಿಡಿದ ಹಾಗೆ ಹಿಡಿದಿರುತ್ತದೆ. ಕೆಳಗಿನ ಹೋಳಿಗೆ ಕ್ಯಾಪು ಅನ್ನುತ್ತಾರೆ. ಆ ಎರಡು ಹೋಳು ಬಿಟ್ಟುಕೊಳ್ಳದ ಹಾಗೆ ಬಿಗಿಯುವುದು ಎರಡು ಬೋಲ್ಟು. ನಾಲ್ಕು ತೋಳಿಗೆ ಎಂಟು. ಅದರಲ್ಲಿ ಒಂದು ಕಿತ್ತುಹೋದರೆ ಏನಾಗುತ್ತದೆ ಅಂತ ಕೇಳಬಾರದಿತ್ತು, ಕೇಳಿಬಿಟ್ಟೆ. ಅವನು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಒಂದು ಇಂಜಿನ್ನಿನ ಕಡೆ ಕೈ ತೋರಿಸಿದ. ಅದರ ಹೊಟ್ಟೆಯಲ್ಲಿ ನನ್ನ ಮುಷ್ಟಿ ಹೋಗುವಷ್ಟು ದೊಡ್ಡ ತೂತು.

"ರಾಡು ಇಂಗೆ ಒಡ್ಕಂಡು ಆಚೆಗೆ ಬತ್ತದೆ. ಆಯಿಲ್ಲೆಲ್ಲ ಕೆಳಿಕ್ಕೆ. ಚಕ್ರ ಇದ್ದಂಗೇ ಇಡ್ಕಂಬುಡ್ತದೆ. ಗಾಡಿ ಎತ್ತಗೆ ತಿರುಗ್ತದೋ ಯೋಳಾಕಾಗಕಿಲ್ಲ."

ಎಷ್ಟು ಆರಾಮಾಗಿ ಹೇಳಿದನೆಂದರೆ ಅವನ ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಇಂಥ ಬೋಲ್ಟು ಈಗ ಸುಲಭವಾಗಿ ಸಿಗುವುದಿಲ್ಲ, ಹುಡುಕಿ ತಂದುಕೊಡಿ ಅಂತ ಒಂದು ಹಳೆಯ ಬೋಲ್ಟನ್ನು ಮಾದರಿಗೆ ನನ್ನ ಕೈಗಿಟ್ಟ. ಅಲ್ಲಿಂದಾಚೆಗೆ ಆ ಬೋಲ್ಟು ನನ್ನ ಅಂಗಿ ಜೇಬಿನಲ್ಲೇ ಉಳಿಯಿತು. ಊಟಕ್ಕೆ ಕೂತಾಗ ಎದೆಗೆ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಆ ತೂತು ಕಣ್ಣಿಗೆ ಬರುತ್ತಿತ್ತು.

ಹುಣಸೂರಿನ ಸ್ಪೇರ್‌ಪಾರ್ಟ್ಸ್ ಅಂಗಡಿಯವನು ಬೋಲ್ಟನ್ನು ಕೈಗೂ ತೆಗೆದುಕೊಳ್ಳದೆ ತಲೆಯಾಡಿಸಿದ. ಪಿರಿಯಾಪಟ್ಟಣದ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಮೂಟೆ ಬಿಚ್ಚಿ ತೋರಿಸಿದರು. ನಟ್ಟು ಬೋಲ್ಟನ್ನು ಅಲ್ಲಿ ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಗೇಟಿಗೆ ಹಾಕುವ ಬೋಲ್ಟೂ ಅದೇ, ನೇಗಿಲಿಗೆ ಹಾಕುವುದೂ ಅದೇ. ಇಂಜಿನ್ನಿನ ಒಳಗೆ ಹಾಕಬೇಕು ಅಂದೆ. "ಬೋಲ್ಟಿಗೆ ಒಳ್ಗೇನು, ಒರ್ಗೇನು ಅಣ್ಣ" ಅಂದ ಅಂಗಡಿಯವನು. ನಾನು ತಿರುಗಿ ನೋಡದೆ ಬಂದೆ. ಸಾಲಿಗ್ರಾಮದ ಲೇತ್ ಅಂಗಡಿಯವನು ಮಾದರಿ ನೋಡಿ, ಇದೇ ಅಳತೆಗೆ ಕಡೆದು ಕೊಡುತ್ತೇನೆ ಅಂದಾಗ ನನಗೆ ಜೀವ ಬಂದಹಾಗಾಯಿತು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಅವನು ಒಪ್ಪಲಿಲ್ಲ. ಅಳತೆ ಬಂದರೆ ಸಾಲದು, ಉಕ್ಕು ಅದೇ ಆಗಿರಬೇಕು, ಹದ ಅದೇ ಆಗಿರಬೇಕು, ಸಾದಾ ಕಬ್ಬಿಣ ಬೆಲ್ಲದ ಹಾಗೆ ಮುರಿಯುತ್ತದೆ ಅಂದ. ಬೆಲ್ಲ ಅನ್ನುವ ಮಾತು ಅವನು ಆಡಬಾರದಿತ್ತು. ಮನೆಯಲ್ಲಿ ಯಾರಾದರೂ ಬೆಲ್ಲ ಕುಟ್ಟಿದರೂ ನನ್ನ ಎದೆ ಝಲ್ಲೆನ್ನುತ್ತಿತ್ತು.

ಕೊನೆಗೆ ಸಿಕ್ಕಿದ್ದು ಕೆ.ಆರ್. ನಗರದ ಒಂದು ಗುಜರಿಯಲ್ಲಿ. ಹಳೆಯ ಗಾಡಿಗಳನ್ನು ಒಡೆದು ಮಾರುವ ಜಾಗ ಅದು. ಗುಜರಿಯವನು ನನ್ನ ವಯಸ್ಸಿನವನೇ, ಬಾಯ್ತುಂಬ ಎಲೆ ಅಡಿಕೆ.

"ಜೀಪಿನ ರಾಡ್ ಬೋಲ್ಟು ಬೇಕಿತ್ತಣ್ಣ" ಅಂದೆ.

"ಜೀಪಿಂದಾ? ಅದೆ ಬನ್ನಿ. ನಾನೇ ಬಿಚ್ಚಿ ಮಡಗಿವ್ನಿ."

ಡಬ್ಬಿಯೊಂದರಿಂದ ಗ್ರೀಸ್ ಮೆತ್ತಿದ ಬೋಲ್ಟುಗಳನ್ನು ಸುರಿದ. ಪ್ರತಿಯೊಂದಕ್ಕೂ ಅದರದೇ ನಟ್ಟು. ಮಾದರಿಯ ಪಕ್ಕ ಇಟ್ಟು ನೋಡಿದೆವು. ಅದೇ ಉದ್ದ, ಅದೇ ತಲೆ, ತಲೆಯ ಪಕ್ಕದಲ್ಲಿ ಅದೇ ಕೊರೆತ. ಅಣ್ಣತಮ್ಮಂದಿರ ಹಾಗೆ ಕಂಡವು. ಸವೆತವೇ ಇಲ್ಲ, ಅವು ಇದ್ದ ಗಾಡಿ ಹೊಸದರಲ್ಲೇ ಪಲ್ಟಿಯಾಗಿತ್ತಂತೆ. ಪಲ್ಟಿಯಾದ ಮಾತು ಕೇಳಿ ಹಿಂಜರಿದೆ. ಅವನು ನಕ್ಕು, ಪಲ್ಟಿ ಆದದ್ದು ಡ್ರೈವರ್ ಕುಡಿದದ್ದಕ್ಕೆ, ಬೋಲ್ಟು ಕುಡಿದಿರಲಿಲ್ಲ ಅಂದ. ನನ್ನ ಮುಖ ನೋಡಿ ಪಾಪ ಅನಿಸಿತೋ ಏನೋ, ಒಂದು ಬೋಲ್ಟು ಹೆಚ್ಚಿಗೆ ಕೊಟ್ಟು "ಮಡಿಕ್ಕಳಿ" ಅಂದ.

ಮೆಕ್ಯಾನಿಕ್ ಅವನ್ನು ಹಾಕುವಾಗ ನಾನು ಎದುರಿಗೇ ನಿಂತಿದ್ದೆ. ತೂತಿಗೆ ಇಳಿಬಿಟ್ಟ ಬೋಲ್ಟನ್ನು ಬೆರಳಲ್ಲಿ ಅಲ್ಲಾಡಿಸಿ, "ಒಸಿ ಆಟ ಅದೆ" ಅಂದ. ಅವನು ಇನ್ನೊಂದನ್ನು ಹಾಕಿ ನೋಡಿದ. ಅಲ್ಲೂ ಅಷ್ಟೇ. "ರಾಡು ಹಳೇದಲ್ವಾ, ತೂತು ಸವೆದದೆ. ನಟ್ಟು ಚೆನ್ನಾಗಿ ಇಡಿತದೆ ಬುಡಿ" ಅಂದು, ಟಾರ್ಕ್ ರೆಂಚು ಟಕ್ ಎನ್ನುವ ತನಕ ಬಿಗಿದ. ಎಂಟೂ ಟಕ್ ಅಂದವು. ಇಂಜಿನ್ ಸ್ಟಾರ್ಟ್ ಆದಾಗ ಅವನ ಮುಖದ ಮೇಲಿದ್ದ ಸಂತೋಷ ಸುಳ್ಳಲ್ಲ. ಹೆಂಡತಿ ಗಾವಡಗೆರೆಯ ಸುತ್ತ ನಾಲ್ಕಾರು ದಿನ ಓಡಿಸಿ ನೋಡಿದಳು. ಇಂಜಿನ್ ಚೆನ್ನಾಗಿ ಮಾತಾಡುತ್ತಿತ್ತು. ನಾನು ಮನೆ ಮುಂದೆ ನಿಂತು, ಸದ್ದು ದೂರವಾಗಿ ಮತ್ತೆ ಹತ್ತಿರ ಬರುವ ತನಕ ಕಿವಿ ಕೊಟ್ಟುಕೊಂಡಿರುತ್ತಿದ್ದೆ.

ಗೃಹಪ್ರವೇಶದ ಹಿಂದಿನ ದಿನ ಬೆಳಿಗ್ಗೆ ಅವರಿಬ್ಬರೂ ಹೊರಟರು. ನಾನು ಹೋಗುವ ಹಾಗಿರಲಿಲ್ಲ, ಬ್ಯಾರನ್ನಿಗೆ ಬೆಂಕಿ ಹಾಕಿ ಆಗಿತ್ತು. ಅತ್ತೆ ಮುಂದಿನ ಸೀಟಿನಲ್ಲಿ ಹೊಸ ಸೀರೆ ಉಟ್ಟು, ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಂಡ ಓಡಿಸುವಾಗ ಹೇಗೆ ಕೂರುತ್ತಿದ್ದರೋ ಹಾಗೆಯೇ ಕೂತರು. ಹೆಂಡತಿ ನನ್ನ ಕಡೆ ನೋಡದೆ ಗೇರ್ ಹಾಕಿದಳು.

ಬ್ಯಾರನ್ನಿನ ಮುಂದೆ ಕೂತು ಸೌದೆ ತಳ್ಳುತ್ತಿದ್ದೆ. ಜೇಬಿನಲ್ಲಿ ಆ ಹೆಚ್ಚಿಗೆ ಬೋಲ್ಟು ಇತ್ತು. ಬಿಚ್ಚಿದ ಹಳೆಯ ಬೋಲ್ಟು, ನಟ್ಟುಗಳನ್ನು ಮೆಕ್ಯಾನಿಕ್ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದ. ಕೈಗೆ ಕೆಲಸವಿಲ್ಲದೆ ಒಂದು ಹಳೆಯ ನಟ್ಟು ತೆಗೆದುಕೊಂಡು ಹೊಸ ಬೋಲ್ಟಿಗೆ ತಿರುಗಿಸಿದೆ. ಎರಡು ಸುತ್ತು ಹೋಯಿತು. ಆಮೇಲೆ ಅತ್ತ ಇತ್ತ ಅಲ್ಲಾಡುತ್ತಾ ನಿಂತಿತು, ಸಡಿಲವಾದ ಹಲ್ಲಿನ ಹಾಗೆ. ಅದೇ ನಟ್ಟನ್ನು ಹಳೆಯ ಬೋಲ್ಟಿಗೆ ತಿರುಗಿಸಿದೆ. ಎಣ್ಣೆಯಲ್ಲಿ ಜಾರಿದಂತೆ ತಳದವರೆಗೂ ಹೋಯಿತು. ಮತ್ತೊಂದು ನಟ್ಟು ತೆಗೆದು ನೋಡಿದೆ. ಅದೂ ಹಾಗೆಯೇ.

ರಾಡಿನ ತೂತು ಸವೆದಿರಬಹುದು. ನಟ್ಟಿನ ತೂತೂ ಸವೆದಿದೆಯೇ? ಹಳೆಯ ಬೋಲ್ಟು ಹಾಕಿದರೆ ಕಾಣದೆ, ಹೊಸದು ಹಾಕಿದರೆ ಮಾತ್ರ ಕಾಣುವ ಸವೆತ ಇದೆಂಥದು? ಬೋಲ್ಟೇ ಒಂದು ಕೂದಲೆಳೆ ಸಣ್ಣದು ಎಂಬುದು ಆಗ ನನ್ನ ತಲೆಗೆ ಹೋಯಿತು. ಬ್ಯಾರನ್ನಿನ ಬೆಂಕಿಯ ಬಾಯಲ್ಲಿ ಕೂತಿದ್ದರೂ ಚಳಿಯಾಗುತ್ತಿತ್ತು.

ಗುಜರಿಯವನಿಗೆ ಫೋನ್ ಮಾಡಿದೆ.

"ಅಣ್ಣ, ಆ ಬೋಲ್ಟು ಯಾವ ಜೀಪಿಂದು?"

"ಜೀಪಿಂದೇ ಕಣಣ್ಣ."

"ಪೆಟ್ರೋಲ್ ಜೀಪಾ, ಡೀಸೆಲ್ ಜೀಪಾ?"

"ಡೀಸೆಲ್ದು. ಪೆಟ್ರೋಲ್ ಜೀಪು ಈಗ ಯಾರ್ ತವ ಅದೆ? ನೀವು ಜೀಪು ಅಂದ್ರಿ, ನಾನು ಜೀಪಿಂದು ಕೊಟ್ಟೆ."

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ನಮ್ಮ ಕಡೆ ಎಲ್ಲವೂ ಜೀಪೇ. ಪೊಲೀಸರು ಬಂದರೆ ಜೀಪು, ಫಾರೆಸ್ಟಿನವರು ಬಂದರೆ ಜೀಪು, ಕೊಡಗಿನ ತೋಟಕ್ಕೆ ಆಳು ತುಂಬಿಕೊಂಡು ಹೋಗುವುದು ಜೀಪು, ನಿನ್ನೆ ಷೋರೂಮಿನಿಂದ ಬಂದ ಎತ್ತರದ ಗಾಡಿಯೂ ಜೀಪು. ಪೆಟ್ರೋಲ್ ಜೀಪಿನ ಬೋಲ್ಟು ಇಂಚಿನ ಅಳತೆಯದು, ಡೀಸೆಲ್ ಜೀಪಿನದು ಮಿಲಿಮೀಟರಿನ ಅಳತೆಯದು ಅಂತ ಆ ಮಾತಿಗೇನು ಗೊತ್ತು? ಒಂದು ಮಾತನ್ನು ನಾನೂ ಅವನೂ ನಂಬಿದೆವು, ಆ ಮಾತಿನ ಮೇಲೆ ನನ್ನ ಹೆಂಡತಿ ಕೋಟೆ ರಸ್ತೆಯಲ್ಲಿ ಹೋಗುತ್ತಿದ್ದಾಳೆ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಅಕ್ಕ ಎಲ್ಲವ್ರೆ ಈಗ?"

"ಕೋಟೆ ಕಡೆ ಒಂಟೋದ್ರು."

"ನಿಲ್ಸಿ ಅಣ್ಣ. ಎಲ್ಲಿದ್ರೆ ಅಲ್ಲೇ ನಿಲ್ಸಕೆ ಯೋಳಿ. ಬೋಲ್ಟು ಸಣ್ಣದಾದ್ರೆ ಕ್ಯಾಪು ಜರುಗ್ತದೆ. ಮೊದ್ಲು ಟಕ ಟಕ ಅಂತದೆ. ಆಮೇಲೆ..." ಅಂದು ನಿಲ್ಲಿಸಿದ. ಆಮೇಲಿನದು ನನಗೆ ಗೊತ್ತಿತ್ತು. "ನಾನೂ ಒಂಟೆ, ನೀವು ನಡೀರಿ" ಅಂದ.

ಹೆಂಡತಿಯ ಫೋನು ರಿಂಗಾಗುತ್ತಲೇ ಇತ್ತು. ಆ ಜೀಪಿನ ಸದ್ದಿನಲ್ಲಿ ಬ್ಯಾಗಿನೊಳಗಿನ ಫೋನು ಯಾರಿಗೆ ಕೇಳಬೇಕು? ಅತ್ತೆಗೆ ಫೋನಿಲ್ಲ. ಪಕ್ಕದ ಹೊಲದವನನ್ನು ಕೂಗಿ ಬ್ಯಾರನ್ ನೋಡಿಕೊ ಅಂದೆ. ಬೆಂಕಿ ಹಾಕಿದ ಬ್ಯಾರನ್ನನ್ನು ನಾನು ಬಿಟ್ಟು ಹೋಗುವುದನ್ನು ಅವನು ಎಂದೂ ಕಂಡವನಲ್ಲ. ಯಾರಿಗೇನಾಯ್ತು ಅಂತ ಕೇಳುತ್ತಲೇ ಓಡಿಬಂದ. ಮೊಪೆಡ್ ಹತ್ತಿದೆ.

ಮೊಪೆಡ್ಡಿನ ಮೇಲೆ ನಾನು ಎತ್ತಿನ ಗಾಡಿಗೂ ದಾರಿ ಬಿಡುವವನು. ಆ ದಿನ ಹುಣಸೂರು ಯಾವಾಗ ದಾಟಿದೆನೋ ಗೊತ್ತಿಲ್ಲ. ಕೋಟೆ ರಸ್ತೆಗೆ ಬಿದ್ದ ಮೇಲೆ ನನ್ನ ಕಣ್ಣು ಎದುರಿನ ಗಾಡಿಗಳ ಮೇಲಿರಲಿಲ್ಲ, ಟಾರಿನ ಮೇಲಿತ್ತು. ಆಯಿಲ್ ಹುಡುಕುತ್ತಿದ್ದೆ. ಒಂದು ಕಡೆ ಕಪ್ಪಗೆ ಚೆಲ್ಲಿದ್ದು ಕಂಡು ಮೊಪೆಡ್ ನಿಲ್ಲಿಸಿ ಮುಟ್ಟಿ ನೋಡಿದೆ. ಯಾವುದೋ ಲಾರಿಯದು, ಧೂಳು ಕೂತು ಹಳತಾಗಿತ್ತು. ಇನ್ನೊಂದಿಷ್ಟು ದೂರದಲ್ಲಿ ರಸ್ತೆ ಬದಿ ಜನ ಗುಂಪುಗಟ್ಟಿ ಬಗ್ಗಿ ನೋಡುತ್ತಿದ್ದರು. ಗುಂಪಿನೊಳಗೆ ನುಗ್ಗಿದೆ. ಗೂಡ್ಸ್ ಆಟೋದಲ್ಲಿ ಕೆರೆ ಮೀನು ಮಾರುತ್ತಿದ್ದರು. ಮೀನಿನವನು ನನ್ನನ್ನು ನೋಡಿ "ಎಷ್ಟು ಕೊಡ್ಲಿ ಸಾ" ಅಂದ. ಅವನನ್ನು ತಬ್ಬಿಕೊಳ್ಳಬೇಕೋ ಬೈಯಬೇಕೋ ತಿಳಿಯದೆ ಹೊರಗೆ ಬಂದೆ.

ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದದ್ದು ಬೇರೆಯೇ. ಅವಳಿಗೆ ಹೆದರಿಕೆ ಇಲ್ಲ, ಅದೇ ನನ್ನ ಹೆದರಿಕೆ. ನಾನಾಗಿದ್ದರೆ ಸಣ್ಣ ಸದ್ದಾದರೂ ನಿಲ್ಲಿಸಿ, ಇಳಿದು, ದೂರ ಹೋಗಿ ನಿಲ್ಲುತ್ತಿದ್ದೆ. ಅವಳು ನಿಲ್ಲಿಸುವವಳಲ್ಲ. ಟಕ ಟಕ ಅಂದರೆ ಅಂದುಕೊಳ್ಳಲಿ ಅಂತ ಇನ್ನೊಂದಿಷ್ಟು ಜೋರಾಗಿ ತುಳಿಯುವವಳು. ದೇವರೇ, ಇದೊಂದು ದಿನ ಅವಳಿಗೆ ನನ್ನ ಬುದ್ಧಿ ಕೊಡು ಅಂತ ಬೇಡಿಕೊಂಡೆ. ನನ್ನ ಬುದ್ಧಿಯನ್ನು ಯಾರಿಗಾದರೂ ಕೊಡು ಅಂತ ನಾನು ಬೇಡಿಕೊಂಡದ್ದು ಅದೇ ಮೊದಲು.

ಬುಡಕಟ್ಟಿನವರ ಒಂದು ಹಾಡಿಗೆ ಹೋಗುವ ಮಣ್ಣುದಾರಿ ರಸ್ತೆಗೆ ಸೇರುವಲ್ಲಿ ಹಾಡಿಯ ಹೆಂಗಸೊಬ್ಬಳು ಬಸ್ಸಿಗೆ ಕಾಯುತ್ತಾ ಕೂತಿದ್ದಳು. ಹಸಿರು ಜೀಪು ಹೋಯಿತೇನಮ್ಮ, ಹೆಂಗಸು ಓಡಿಸುತ್ತಿದ್ದದ್ದು, ಅಂತ ಕೇಳಿದೆ.

"ಓಗ್ತಾ ಇತ್ತು. ಆ ತಿರುವು ದಾಟಿ ನಿಂತೋಗದೆ" ಅಂದಳು.

ನಿಂತುಹೋಗಿದೆ ಅಂದರೆ ಏನು? ತಾನಾಗಿ ನಿಂತಿತೋ, ನಿಲ್ಲಿಸಿದರೋ, ಏನಾದರೂ ಆಗಿ ನಿಂತಿತೋ? ಕೇಳಲು ಧೈರ್ಯ ಬರಲಿಲ್ಲ. ಆ ತಿರುವಿನ ತನಕ ಹೋಗಿದ್ದೇ ನನ್ನ ಆಯುಸ್ಸಿನಲ್ಲಿ ನಾನು ಹೋದ ಅತಿ ಉದ್ದದ ದಾರಿ.

ಜೀಪು ಒಂದು ಹೊಂಗೆ ಮರದ ಕೆಳಗೆ, ರಸ್ತೆಯಿಂದ ಪೂರ್ತಿ ಕೆಳಗಿಳಿದು, ನಾಲ್ಕೂ ಚಕ್ರದ ಮೇಲೆ ನೆಟ್ಟಗೆ ನಿಂತಿತ್ತು. ಕೆಳಗೆ ಆಯಿಲ್ ಇರಲಿಲ್ಲ. ಅತ್ತೆ ಮುಂದಿನ ಸೀಟಿನಲ್ಲಿ ಹುರಿಗಡಲೆ ತಿನ್ನುತ್ತಾ ಕೂತಿದ್ದರು. "ಅಳಿಯಂದ್ರು ಬಂದ್ರು ಕಣವ್ವ" ಅಂತ ಮಗಳಿಗೆ ಹೇಳಿದರು. ನನ್ನನ್ನು ಅಲ್ಲಿ ಕಂಡದ್ದು ಅವರಿಗೆ ಆಶ್ಚರ್ಯವಾಗಿರಲಿಲ್ಲ. ಅಳಿಯ ಅಂದಮೇಲೆ ಬರದೆ ಇರುತ್ತಾನೆಯೇ ಎನ್ನುವ ಹಾಗಿತ್ತು ಮುಖ.

ಹೆಂಡತಿ ಡ್ರೈವರ್ ಸೀಟಿನಲ್ಲೇ ಇದ್ದಳು. ತಿರುಗಿ ನೋಡಲಿಲ್ಲ.

"ಟಕ ಟಕ ಅಂತು. ಆಪ್ ಮಾಡ್ಬುಟ್ಟೆ" ಅಂದಳು.

"ಜೋರಾಗಿ ಅಂತಾ?"

"ಇಲ್ಲ. ಬಾಳ ಸಣ್ಣುಕೆ."

ಅಷ್ಟು ಸಣ್ಣ ಸದ್ದು ಅವಳಿಗೆ ಕೇಳಿಸಿದ್ದು ಹೇಗೆ ಅಂತ ನನಗೆ ಅರ್ಥವಾಗಲಿಲ್ಲ. ಕಿವಿ ಕೊಟ್ಟು ಕೂತವರಿಗೆ ಮಾತ್ರ ಕೇಳುವಂಥದ್ದು ಅದು. ಬೋಲ್ಟಿನ ವಿಷಯ ಹೇಳಿದೆ, ಬೇರೆ ಜೀಪಿನದಂತೆ ಅಂತ. ಅವಳು ತಲೆಯಾಡಿಸಿದಳು.

"ಒಂದು ಫೋನ್ ಮಾಡ್ಬಾರ್ದಾಗಿತ್ತಾ? ನಾನು ದಾರಿಯುದ್ದಕ್ಕೂ ಸತ್ತು ಸತ್ತು ಬಂದೆ" ಅಂತ ಸಿಟ್ಟು ಮಾಡಿದೆ. ಹೆದರಿಕೆ ಇಳಿಯುವಾಗ ನನಗೆ ಸಿಟ್ಟು ಬರುತ್ತದೆ.

"ಕೈ ಬತ್ತಾ ಇಲ್ಲ ಕಣ್ರೀ" ಅಂದಳು.

ಆಗ ನೋಡಿದೆ. ಅವಳ ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು. ಗೆಣ್ಣುಗಳು ಬೆಳ್ಳಗಾಗಿದ್ದವು. ಇಂಜಿನ್ ಆರಿಸಿದಾಗಿನಿಂದ ಹಾಗೆಯೇ ಹಿಡಿದುಕೊಂಡು ಕೂತಿದ್ದಾಳೆ.

"ನಿಂಗೆ ಎದ್ರಿಕೆ ಆಯ್ತಾ?" ಅಂದೆ. ಕೇಳುವಾಗಲೇ ಅದು ಪೆದ್ದು ಪ್ರಶ್ನೆ ಅನಿಸಿತು.

"ಮನೆ ಬುಟ್ಟಾಗ್ಲಿಂದ್ಲೂ ಎದ್ರಿಕೆನೇ. ಆ ಇಂಜಿನ್ ಬಿಚ್ಚುದ್ ದಿನದಿಂದ್ಲೂ."

"ಮತ್ತೆ ಒಂದಿನಾನೂ ಯೋಳ್ನಿಲ್ವಲ್ಲ."

"ನೀವ್ ಎದ್ರುಕಂಡಿದ್ರಲ್ಲ. ಮನೇಲಿ ಇಬ್ರೂ ಎದ್ರುಕಂಡು ಕೂತ್ಕಂಡ್ರೆ ಆಯ್ತದಾ?"

ಹಾವಿನ ಮುಂದೆ ಪೊರಕೆ ಹಿಡಿದು ನಿಂತದ್ದು, ಇಂಜೆಕ್ಷನ್ ಚುಚ್ಚುವುದನ್ನು ಕಣ್ಣು ಮಿಟುಕಿಸದೆ ನೋಡಿದ್ದು, ಎಲ್ಲವೂ ನನ್ನ ಕಣ್ಣ ಮುಂದೆ ಬಂದವು. ಅವಳ ಮುಖವನ್ನು ಆಗೆಲ್ಲ ನಾನು ನೋಡಿದ್ದೆನೇ? ಇಲ್ಲ. ಮಂಚದ ಮೇಲೆ ನಿಂತವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನಮ್ಮಿಬ್ಬರ ಪಾಲಿನ ಹೆದರಿಕೆಯನ್ನೆಲ್ಲ ನಾನೊಬ್ಬನೇ ಬಾಚಿಕೊಂಡುಬಿಟ್ಟಿದ್ದೆ, ಅವಳು ಪಡಲೂ ಒಂದಿಷ್ಟು ಉಳಿಸಿರಲಿಲ್ಲ. ಇದು ತಿಳಿದು ನನಗೆ ಅಳು ಬಂತು. ಅತ್ತೆ ನೋಡಬಾರದೆಂದು ಮುಖ ಒರೆಸಿಕೊಂಡೆ.

ಜೀಪಿನ ಮೆಟ್ಟಿಲು ಹತ್ತಿ ಅವಳ ಪಕ್ಕ ಬಗ್ಗಿ ನಿಂತೆ. ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳನ್ನು ಸ್ಟೀರಿಂಗಿನಿಂದ ಬಿಡಿಸಿದೆ.

"ಎದ್ರುಬ್ಯಾಡ ಕಣಮ್ಮಿ" ಅಂದೆ.

ಮದುವೆಯಾದಂದಿನಿಂದ ಆ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಕಿರುಬೆರಳು ಎಲ್ಲಕ್ಕಿಂತ ಕೊನೆಗೆ ಬಿಟ್ಟಿತು.